ಕೆಂಪು ಗೆರೆಯ ಎರಡು ಹಾಳೆ

ತೊಂಬತ್ತರ ದಶಕದ ಕೊನೆಯಲ್ಲಿ ಪುಂಜಾಲಕಟ್ಟೆಯ ಹತ್ತಿರದ ಒಂದು ಹೈಸ್ಕೂಲಿಗೆ ನಾನು ಸಮಾಜ ವಿಜ್ಞಾನದ ಟೀಚರಾಗಿ ಸೇರಿದಾಗ ನನ್ನ ವಿಷಯಕ್ಕೆ ಅಂತ ಅಲ್ಲಿ ಇದ್ದದ್ದು ಎರಡೇ ವಸ್ತು. ಒಂದು ಗ್ಲೋಬು, ಇನ್ನೊಂದು ಪ್ರಪಂಚದ ಭೂಪಟ. ಗ್ಲೋಬಿನ ಕಡ್ಡಿ ಮುರಿದಿತ್ತು, ತಿರುಗಿಸಿದರೆ ಭೂಮಿ ಉರುಳಿ ಬೆಂಚಿನ ಅಡಿಗೆ ಹೋಗುತ್ತಿತ್ತು. ಭೂಪಟದಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಗಟ್ಟಿಮುಟ್ಟಾಗಿತ್ತು. ವಿಜ್ಞಾನದವರಿಗೆ ಲ್ಯಾಬು, ಆಟದ ಮಾಸ್ಟ್ರಿಗೆ ಚೆಂಡು, ನಮಗೆ ಮಾತ್ರ ಊಟದ ನಂತರದ ಪೀರಿಯಡ್. ಅರ್ಧ ಕ್ಲಾಸು ತೂಕಡಿಸುವ ಹೊತ್ತಿನಲ್ಲಿ ಪ್ರಜಾಪ್ರಭುತ್ವ ಕಲಿಸಿದವರಿಗೆ ಗೊತ್ತು ನನ್ನ ಸಿಟ್ಟು ಎಲ್ಲಿಂದ ಬಂತು ಅಂತ.

ಈ ಸಿಟ್ಟಿನಲ್ಲಿ ನನಗೆ ಒಬ್ಬಳು ಜೊತೆಗಾತಿ ಇದ್ದಳು. ಮೂಡುಬಿದಿರೆಯಲ್ಲಿ ಬಿ.ಎಡ್. ಮಾಡುವಾಗ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ರೂಮಿನವರು. ನಾನು ಕಕ್ಕಿಂಜೆಯ ಬ್ಯಾರಿ ಮುಸ್ಲಿಮರ ಹುಡುಗಿ, ಅವಳು ಬಂಟ್ವಾಳ ಪೇಟೆಯ ಹಿಂದೂ ಮನೆತನದವಳು, ಮೀನು ಮಾಂಸ ಮುಟ್ಟದವಳು. ಅವಳ ಬಾಯಿ ಜೋರು, ತಲೆ ಅದಕ್ಕಿಂತ ಜೋರು. ರಜೆಯಲ್ಲಿ ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದಳು. ನನ್ನ ತಾಯಿಯನ್ನು ನನ್ನಂತೆಯೇ ಉಮ್ಮ ಎಂದು ಕರೆಯುತ್ತಿದ್ದಳು. ಉಮ್ಮ ಅವಳಿಗಾಗಿಯೇ ಒಂದು ಪಾತ್ರೆ ಬೇರೆ ತೆಗೆದಿಟ್ಟು, ಅದರಲ್ಲಿ ಮಾಂಸ ಬೇಯಿಸದೆ, ತೆಳ್ಳಗಿನ ಅಕ್ಕಿರೊಟ್ಟಿ ಪತ್ತಿರಿಗೆ ತೆಂಗಿನಹಾಲಿನ ಗಸಿ ಮಾಡಿ ಬಡಿಸುತ್ತಿದ್ದರು. ಅವಳು ನಾಚಿಕೆಯಿಲ್ಲದೆ ಏಳೆಂಟು ತಿನ್ನುತ್ತಿದ್ದಳು. ಉಮ್ಮನಿಗೆ ಅವಳೆಂದರೆ ಪ್ರಾಣ.

ಅವಳಿಗೆ ಬಂಟ್ವಾಳದ ಕಡೆಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಬಿ.ಸಿ. ರೋಡಿನಲ್ಲಿ ಅವಳ ಅಣ್ಣನ ಜೆರಾಕ್ಸ್ ಅಂಗಡಿ ಇತ್ತು. ಎರಡು ಸಾವಿರದ ಇಸವಿಯ ಆಚೆ ಈಚೆ ಅಲ್ಲಿಗೊಂದು ಕಂಪ್ಯೂಟರ್ ಬಂತು, ಹಿಂದೆಯೇ ಇಂಟರ್‌ನೆಟ್ ಬಂತು. ಮೋಡೆಮ್ ಐದು ನಿಮಿಷ ಕಿರುಚಾಡಿ ಕೊನೆಗೆ ಸುಮ್ಮನಾದರೆ ಸಂಪರ್ಕ ಸಿಕ್ಕಿತು ಎಂದು ಅರ್ಥ. ಅವಳು ಮೊದಲ ಸಲ ನನ್ನನ್ನು ಎದುರು ಕೂರಿಸಿ ತೋರಿಸಿದ್ದು ಒಂದು ಖಾಲಿ ಭೂಪಟ. ಭಾರತದ ಗೆರೆ ಮಾತ್ರ ಇರುವ, ಎಷ್ಟು ಬೇಕಾದರೂ ಪ್ರಿಂಟ್ ತೆಗೆಯಬಹುದಾದ ಭೂಪಟ. ನನಗೆ ನಿಜವಾಗಿ ಕಣ್ಣೀರು ಬಂತು. ನಾನು ಆವರೆಗೆ ಪ್ರತಿ ಪರೀಕ್ಷೆಗೂ ರಟ್ಟಿನಲ್ಲಿ ಭಾರತವನ್ನು ಕತ್ತರಿಸಿ, ಸುತ್ತ ಪೆನ್ಸಿಲ್ ಎಳೆದು, ಅರುವತ್ತು ಮಕ್ಕಳಿಗೆ ಅರುವತ್ತು ಭಾರತ ಬಿಡಿಸುತ್ತಿದ್ದೆ. ಗುಜರಾತು ಯಾವಾಗಲೂ ಸವೆದು ಹೋಗುತ್ತಿತ್ತು.

ಆಮೇಲೆ ಹುಚ್ಚು ಹಿಡಿಯಿತು. ಶಾಸನಗಳ ಚಿತ್ರ, ಹಳೆಯ ನಾಣ್ಯ, ಸಂವಿಧಾನ ಸಭೆಯ ಚರ್ಚೆ, ಜನಗಣತಿಯ ಪಟ್ಟಿ, ಯಾವುದೋ ದೇಶದ ಟೀಚರು ಮಾಡಿದ ಪಾಠ ಯೋಜನೆ, ಎಲ್ಲವೂ ಅಲ್ಲಿ ಬಿಟ್ಟಿ ಸಿಗುತ್ತಿತ್ತು. ಎಲ್ಲವೂ ಇಂಗ್ಲಿಷಿನಲ್ಲಿ. ನಮ್ಮ ಮಕ್ಕಳಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಭಾಷೆ, ಮನೆಯಲ್ಲಿ ತುಳುವೋ ಬ್ಯಾರಿಯೋ. "ನಾವೇ ಒಂದು ಮಾಡುವ ಮಾರಾಯ್ತಿ, ಕನ್ನಡದಲ್ಲಿ," ಎಂದು ಅವಳು ಹೇಳಿದಳು, ಮಾಡಿಯೇ ಬಿಟ್ಟಳು. ಪುಕ್ಕಟೆ ಜಾಗ ಕೊಡುವ ಒಂದು ತಾಣದಲ್ಲಿ ನಮ್ಮ ಪುಟ ತೆರೆಯಿತು. ಫಾಂಟ್ ಇಲ್ಲದವರಿಗೆ ಕನ್ನಡ ಓಡಿಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತಿತ್ತು, ಹಾಗಾಗಿ ಪಾಠಗಳನ್ನು ಹಾಳೆಯ ಚಿತ್ರದ ಹಾಗೆ ಹಾಕಿ, ಅಡಿಯಲ್ಲಿ ವಿಷಯ ಮತ್ತು ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಕೊಡುತ್ತಿದ್ದಳು. ಭೂಪಟ, ಪ್ರಶ್ನೆಪತ್ರಿಕೆ, ಚಟುವಟಿಕೆ, ಬೇರೆ ಒಳ್ಳೆಯ ತಾಣಗಳ ಪಟ್ಟಿ ಎಲ್ಲ ಇತ್ತು. ಉತ್ತರ ಕರ್ನಾಟಕದ ಯಾವುದೋ ಹಳ್ಳಿಯ ಮೇಷ್ಟ್ರು ಒಬ್ಬರು, ನಿಮ್ಮಿಂದ ನನ್ನ ಮಕ್ಕಳು ಪಾಸಾದರು ಎಂದು ಬರೆದಾಗ ನಾವಿಬ್ಬರೂ ಅಂಗಡಿಯ ಮೆಟ್ಟಿಲಲ್ಲಿ ನಿಂತು ಐಸ್ ಕ್ಯಾಂಡಿ ತಿಂದೆವು.

ನನ್ನ ಹತ್ತಿರ ಕಂಪ್ಯೂಟರ್ ಇರಲಿಲ್ಲ. ನಾನು ಕೈಯಲ್ಲಿ ಬರೆದು, ಕವರಿಗೆ ಹಾಕಿ, ಸಂಜೆ ಪುಂಜಾಲಕಟ್ಟೆಯಲ್ಲಿ ಬಂಟ್ವಾಳದ ಕಡೆಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೆ. ಅವನು ಬಿ.ಸಿ. ರೋಡಿನ ಅಂಗಡಿಯಲ್ಲಿ ಇಳಿಸಿ ಹೋಗುತ್ತಿದ್ದ. ಮರುದಿನ ಅದೇ ಬಸ್ಸಿನಲ್ಲಿ ಅವಳ ಉತ್ತರ ಬರುತ್ತಿತ್ತು. ಈ ಕವರಿಗೆ ನಮ್ಮದೇ ಒಂದು ನಿಯಮ ಇತ್ತು. ಅಂಚಿನಲ್ಲಿ ಕೆಂಪು ಪೆನ್ಸಿಲಿನ ಗೆರೆ ಇರುವ ಹಾಳೆ ಟೈಪಿಗೆ ಅಲ್ಲ, ಅವಳಿಗೆ ಮಾತ್ರ. ಹೆಡ್ಮಾಸ್ಟ್ರ ಮೇಲಿನ ಬೈಗಳು, ನನ್ನ ಸಂಶಯಗಳು, ಮನೆಯ ಮಾತು ಎಲ್ಲ ಕೆಂಪು ಗೆರೆಯ ಹಾಳೆಯಲ್ಲಿ ಹೋಗುತ್ತಿದ್ದವು. ನಾಲ್ಕೈದು ವರ್ಷ ಅವಳು ಒಂದು ಸಲವೂ ಆ ಗೆರೆ ದಾಟಲಿಲ್ಲ.

ಒಂಬತ್ತನೆಯ ತರಗತಿಗೆ ವಲಸೆಯ ಬಗ್ಗೆ ಒಂದು ಪಾಠ ಮಾಡಬೇಕಿತ್ತು. ಪುಸ್ತಕದ ಉದಾಹರಣೆಗಳೆಲ್ಲ ಉತ್ತರ ಭಾರತದವು. ನಮ್ಮ ಕ್ಲಾಸಿನಲ್ಲೋ ಮೂರರಲ್ಲಿ ಒಬ್ಬರ ಅಪ್ಪನೋ ಮಾಮನೋ ಗಲ್ಫಿನಲ್ಲಿ. "ನಿನ್ನ ಮನೆಯದ್ದೇ ಬರಿ. ನಿನ್ನ ಅಪ್ಪ ಹೋದದ್ದು, ದುಡ್ಡು ಬಂದದ್ದು, ಮನೆ ಕಟ್ಟಿದ್ದು," ಎಂದು ಅವಳು ಬರೆದು ಕಳಿಸಿದಳು.

ನಾನು ಅಂಥದ್ದೇ ಮೂರು ಹಾಳೆ ಬರೆದೆ. ಆಮೇಲೆ ಪೆನ್ನು ನಿಲ್ಲಲಿಲ್ಲ. ಇನ್ನೆರಡು ಹಾಳೆ ಬರೆದು ಅಂಚಿಗೆ ಕೆಂಪು ಗೆರೆ ಎಳೆದೆ. ಆ ಎರಡರಲ್ಲಿ ನಿಜ ಇತ್ತು.

ನಿಜ ಏನೆಂದರೆ, ನನ್ನ ಉಪ್ಪ, ಅಂದರೆ ಅಪ್ಪ, ಗಲ್ಫಿಗೆ ಹೋದ ನಾಲ್ಕನೆಯ ವರ್ಷಕ್ಕೇ ಕಾಗದ ಬರೆಯುವುದನ್ನು ನಿಲ್ಲಿಸಿದರು. ಅಲ್ಲಿ ಅವರಿಗೆ ಬೇರೆ ಸಂಸಾರ ಆಯಿತೆಂದು ಉಮ್ಮನಿಗೆ ಹೇಗೋ ತಿಳಿಯಿತು. ಉಮ್ಮ ಅಳಲಿಲ್ಲ, ಮನೆಯವರ ಹೊರತು ಯಾರಿಗೂ ಹೇಳಲಿಲ್ಲ. ಮೂರು ಹೆಣ್ಣುಮಕ್ಕಳ ಮನೆ. ಅಪ್ಪ ಗಲ್ಫಿನಲ್ಲಿದ್ದಾರೆ ಎಂದರೆ ಒಂದು ಮರ್ಯಾದೆ, ಅಪ್ಪ ಬಿಟ್ಟು ಹೋದ ಎಂದರೆ ಇನ್ನೊಂದು. ಒಳಕೋಣೆಯ ಬಾಗಿಲು ಹಾಕಿ ಉಮ್ಮ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟಿದರು. ಗಲ್ಫಿನವರ ಹೆಂಡತಿ ಬೀಡಿ ಕಟ್ಟುವುದನ್ನು ಊರು ಕಾಣಬಾರದೆಂದು ಚಿಕ್ಕಮ್ಮನ ಹೆಸರಿನಲ್ಲಿ ಕಟ್ಟಿದರು. ಸಂಜೆ ಚಿಕ್ಕಮ್ಮ ಬಂದು ಬೀಡಿಯನ್ನು ತನ್ನದೆಂದು ಕಂಪೆನಿಯವರು ಬೀಡಿ ತೆಗೆದುಕೊಳ್ಳುವ ಬ್ರಾಂಚಿಗೆ ಒಯ್ಯುತ್ತಿದ್ದಳು. ನಾನು ಶಾಲೆಯಿಂದ ಬಂದು ಎದುರು ಕೂತು ಎಲೆ ಕತ್ತರಿಸುತ್ತಿದ್ದೆ. ವರ್ಷಕ್ಕೊಮ್ಮೆ ಉಮ್ಮ ಮಂಗಳೂರಿಗೆ ಹೋಗಿ, ಫಾರಿನ್ ಸಾಮಾನು ಮಾರುವ ಅಂಗಡಿಯಲ್ಲಿ ಸಾಬೂನು, ಅತ್ತರು, ಒಂದೆರಡು ಟಾರ್ಚು ಕೊಂಡು ತಂದು, "ಇವರು ಕಳಿಸಿದ್ದು, ಊರಿಗೆ ಬಂದವರ ಕೈಯಲ್ಲಿ" ಎಂದು ನೆರೆಮನೆಗಳಿಗೆ ಹಂಚುತ್ತಿದ್ದರು. ಗಲ್ಫಿನಿಂದ ಬಂದದ್ದನ್ನು ಹಂಚುವುದು ನಮ್ಮಲ್ಲಿ ಪದ್ಧತಿ. ಹಂಚದಿದ್ದರೆ ಜನ ಕೇಳುತ್ತಾರೆ.

ಇಷ್ಟನ್ನು ನಾನು ಯಾಕೆ ಬರೆದೆ? ಒಬ್ಬಳಿಗಾದರೂ ಹೇಳಬೇಕಿತ್ತು, ಅಷ್ಟೆ. ಹದಿನೈದು ವರ್ಷ ಬಾಯಿ ಮುಚ್ಚಿ ಕೂತವಳಿಗೆ ಬೇರೆ ಕಾರಣ ಬೇಡ. ಕೊನೆಗೆ, ಇದು ನಿನಗೆ ಮಾತ್ರ, ಓದಿ ಹರಿದು ಬಿಡು ಎಂದು ಬರೆದೆ. ಅವಳು ಉತ್ತರ ಕಳಿಸಿದಳು. "ಓದಿ ಊಟ ಸೇರ್ಲಿಲ್ಲ. ಉಮ್ಮನ ಕಾಲಿಗೆ ಬೀಳ್ಬೇಕು ನಾನು." ಆ ಚೀಟಿಯನ್ನು ನಾನು ಬಹಳ ದಿನ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಅಷ್ಟು ಸಮಾಧಾನ ಸಿಕ್ಕಿತ್ತು.

ಆ ವರ್ಷವೇ ನನ್ನ ಎರಡನೆಯ ತಂಗಿಗೆ ಮಾಣಿ ಎಂಬ ಊರಿನ ಕಡೆಯಿಂದ ಸಂಬಂಧ ಕೂಡಿಬಂತು. ಒಳ್ಳೆಯ ಮನೆ, ಒಳ್ಳೆಯ ಹುಡುಗ. ರಮ್ಜಾನ್ ಕಳೆದ ಮೇಲೆ ನಿಕಾಹ್ ಎಂದು ಮಾತಾಗಿತ್ತು. ತಂಗಿ ಹೊಲಿಗೆ ಮೆಷಿನಿನ ಎದುರು ಕೂತು ಹಾಡು ಗುನುಗುವುದನ್ನು ಕೇಳಿ ಉಮ್ಮ ಅಡುಗೆಮನೆಯಲ್ಲಿ ಒಬ್ಬರೇ ನಗುತ್ತಿದ್ದರು.

ಒಂದು ಆದಿತ್ಯವಾರ ಹುಡುಗನ ಸೋದರಮಾವ ನಮ್ಮ ಮನೆಗೆ ಬಂದರು. ಒಬ್ಬರೇ. ಚಹಾ ಮುಟ್ಟಲಿಲ್ಲ. ಕಿಸೆಯಿಂದ ಮಡಚಿದ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. ಹುಡುಗನ ಅಣ್ಣ ಸೌದಿಯಲ್ಲಿ ಕೆಲಸಕ್ಕಿದ್ದ. ಶುಕ್ರವಾರ ರಜೆಯ ದಿನ ಊರಿನ ಸುದ್ದಿ ಹುಡುಕುತ್ತಾ ಕೂತವನಿಗೆ ಕಂಪ್ಯೂಟರಿನಲ್ಲಿ ಇದು ಸಿಕ್ಕಿತ್ತಂತೆ. ಅಲ್ಲಿಂದ ಮಾಣಿಯ ಯಾರದೋ ಅಂಗಡಿಗೆ ಕಳಿಸಿ, ಅಲ್ಲಿ ಪ್ರಿಂಟ್ ತೆಗೆಸಿದ್ದರು.

ನಮ್ಮ ತಾಣದ ಪಾಠ ಅದು. ತಲೆಬರಹ "ವಲಸೆಯ ಕಾಣದ ಮುಖ". ನನ್ನ ಮೂರು ಹಾಳೆಯ ಹಿಂದೆಯೇ ಕೆಂಪು ಗೆರೆಯ ಎರಡು ಹಾಳೆ, ಹರಿದು ಬಿಡು ಎಂಬ ಕೊನೆಯ ಸಾಲಿನ ಹೊರತು ಒಂದು ಅಕ್ಷರ ಬಿಡದೆ. ಸಾಬೂನು ಇತ್ತು, ಅತ್ತರು ಇತ್ತು, ಚಿಕ್ಕಮ್ಮ ಇದ್ದಳು. ಹೆಸರು ಇರಲಿಲ್ಲ. ಆದರೆ ಕಕ್ಕಿಂಜೆ ಎಂದಿತ್ತು, ಮೂರು ಹೆಣ್ಣುಮಕ್ಕಳು, ದೊಡ್ಡವಳು ಹೈಸ್ಕೂಲ್ ಶಿಕ್ಷಕಿ ಎಂದಿತ್ತು. ಕಕ್ಕಿಂಜೆಯ ಬ್ಯಾರಿ ಮನೆಗಳಲ್ಲಿ ಹೈಸ್ಕೂಲ್ ಟೀಚರ್ ಆಗ ನಾನೊಬ್ಬಳೇ. ಕೊನೆಯಲ್ಲಿ ಚಟುವಟಿಕೆ ಬೇರೆ. "ಈ ತಾಯಿ ಊರಿಗೆ ಸುಳ್ಳು ಹೇಳಿದ್ದು ಸರಿಯೇ? ಗುಂಪಿನಲ್ಲಿ ಚರ್ಚಿಸಿರಿ."

ಸೋದರಮಾವ ಕೆಟ್ಟ ಮನುಷ್ಯರಲ್ಲ. ತಲೆ ತಗ್ಗಿಸಿಯೇ ಮಾತಾಡಿದರು. "ಬೀಡಿ ಕಟ್ಟಿದ್ದು ತಪ್ಪಲ್ಲ, ನಮ್ಮ ಮನೆಯಲ್ಲೂ ಕಟ್ಟಿದ್ದಾರೆ. ನಿಮ್ಮ ಉಪ್ಪನ ವಿಷಯ ನಮಗೂ ಅಲ್ಪಸ್ವಲ್ಪ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇದ್ದೆವು, ಮುಂದೆಯೂ ಇರ್ತಿದ್ದೆವು. ಆದ್ರೆ ಈಗ ಕಂಪ್ಯೂಟರಲ್ಲಿ ಬಂದಿದೆ. ಅಲ್ಲಿ ರೂಮಿನಲ್ಲಿರುವ ಹತ್ತು ಜನ ಓದಿದ್ದಾರೆ. ಇನ್ನು ನಮಗೆ ಗೊತ್ತಿಲ್ಲ ಅಂತ ಹೇಗೆ ಹೇಳ್ಲಿಕ್ಕೆ ಆಗ್ತದೆ?" ಎಂದರು. ಸಂಬಂಧ ಬೇಡ ಎಂಬ ಮಾತನ್ನು ಅವರು ಬಾಯಿಬಿಟ್ಟು ಹೇಳಲೇ ಇಲ್ಲ, ಎದ್ದು ಹೋದರು.

ಊರು ನಮಗಾಗಿ ಒಂದು ಪರದೆ ಹಿಡಿದು ನಿಂತಿತ್ತು ಎಂದು ನನಗೆ ಗೊತ್ತಾದದ್ದೇ ಆವತ್ತು. ನೆರೆಮನೆಯವರು ಮಂಗಳೂರಿನ ಸಾಬೂನನ್ನು ಗಲ್ಫಿನ ಸಾಬೂನು ಎಂದು ಸ್ವೀಕರಿಸಿದ್ದು ಮೋಸ ಹೋಗಿ ಅಲ್ಲ.

ಅವತ್ತೇ ಮಧ್ಯಾಹ್ನ ಬಸ್ಸು ಹಿಡಿದು ಬಂಟ್ವಾಳಕ್ಕೆ ಹೋದೆ. ಅವಳು ಬಾಗಿಲು ತೆಗೆದು ನನ್ನ ಮುಖ ನೋಡಿದವಳೇ ಕೈಯಲ್ಲಿದ್ದ ಕಾಗದ ನೋಡಿದಳು. ಕಾಗದ ಯಾವುದೆಂದು ಕೇಳಲಿಲ್ಲ. ಅಲ್ಲಿಗೇ ನನಗೆ ಅರ್ಥವಾಯಿತು, ಇದು ಕೈತಪ್ಪಿ ಆದದ್ದಲ್ಲ.

"ಕೆಂಪು ಗೆರೆ ಇತ್ತು," ಎಂದೆ.

"ಇತ್ತು."

"ನೋಡಿದ್ದೆಯಾ?"

"ನೋಡಿದ್ದೆ. ನೋಡಿಯೇ ಹಾಕಿದ್ದು," ಎಂದಳು. ಆಮೇಲೆ ಮಾತು ಹರಿಯಿತು. "ಆ ಮೂರು ಹಾಳೆ ಸಪ್ಪೆ ಇತ್ತು ಮಾರಾಯ್ತಿ, ಎಲ್ಲ ಪುಸ್ತಕದಲ್ಲಿ ಇರುವುದೇ. ಪಾಠ ಇದ್ದದ್ದು ಈ ಎರಡರಲ್ಲಿ. ಕೇಳಿದ್ರೆ ನೀನು ಬೇಡ ಅಂತಿದ್ದಿ. ಹೆಸರು ಹಾಕ್ಲಿಲ್ಲ ಅಲ್ವಾ? ನೆಟ್ಟಲ್ಲಿ ಹಾಕಿದ್ರೆ ಇಲ್ಲಿಯವರು ಯಾರು ನೋಡ್ತಾರೆ? ಕಕ್ಕಿಂಜೆಯಲ್ಲಿ ಯಾರ ಮನೆಯಲ್ಲಿ ಕಂಪ್ಯೂಟರ್ ಉಂಟು?"

ನಾನು ನಗಾಡಿದೆ. ಅಳು ಬರುವ ಬದಲು ನಗು ಬಂತು. ಭೂಪಟ ಕಲಿಸುವ ಟೀಚರು ಇವಳು. ಕಕ್ಕಿಂಜೆಯ ಅರ್ಧ ಗಂಡಸರು ಕಕ್ಕಿಂಜೆಯಲ್ಲಿ ಇಲ್ಲ, ಕಂಪ್ಯೂಟರ್ ಇರುವ ಕಡೆಯೇ ಇದ್ದಾರೆ, ರಜೆಯ ದಿನ ಊರಿನ ಹೆಸರನ್ನೇ ಹುಡುಕಿಕೊಂಡು ಕೂತಿರುತ್ತಾರೆ ಎಂದು ಇವಳಿಗೆ ಹೊಳೆಯಲಿಲ್ಲ. ವಲಸೆಯ ಪಾಠ ಮಾಡಿದವಳಿಗೆ ವಲಸೆ ಎಂದರೆ ಏನೆಂದು ಗೊತ್ತಿರಲಿಲ್ಲ. ನನಗೂ ಹೊಳೆದಿರಲಿಲ್ಲ ಎನ್ನುವುದು ಬೇರೆ ಮಾತು.

"ಎಷ್ಟು ದಿನ ಆಯ್ತು ಹಾಕಿ?"

"ನಾಲ್ಕು ತಿಂಗಳು." ತಡೆದು ಹೇಳಿದಳು, "ಎಲ್ಲಕ್ಕಿಂತ ಜಾಸ್ತಿ ಜನ ಓದಿದ್ದು ಅದನ್ನೇ. ನಿನಗೆ ಹೇಳ್ಬೇಕು ಹೇಳ್ಬೇಕು ಅಂತಲೇ ಇದ್ದೆ."

ಈ ನಾಲ್ಕು ತಿಂಗಳಲ್ಲಿ ಅವಳು ಎರಡು ಸಲ ನಮ್ಮ ಮನೆಗೆ ಬಂದಿದ್ದಳು. ಉಮ್ಮನ ಎದುರು ಕೂತು ಉಂಡಿದ್ದಳು, ತಂಗಿಯ ಮದುವೆಗೆ ಯಾವ ಸೀರೆ ಉಡುವುದು ಎಂದು ಮಾತಾಡಿದ್ದಳು. ಉಂಡ ಮನೆಗೆ ಎರಡು ಬಗೆಯುವುದು ಎಂಬ ಮಾತನ್ನು ನಾನು ಸಾವಿರ ಸಲ ಕೇಳಿದ್ದೆ. ಅದು ಹೀಗೆ ಸೀರೆಯ ಬಣ್ಣ ಕೇಳುತ್ತಾ ಬರುತ್ತದೆಂದು ಗೊತ್ತಿರಲಿಲ್ಲ. "ಅದನ್ನು ತೆಗಿ," ಎಂದಷ್ಟೇ ಹೇಳಿ ಹೊರಟೆ. ಅವಳು ಗೇಟಿನವರೆಗೆ ಅಳುತ್ತಾ ಬಂದಳು. ನಾನು ತಿರುಗಿ ನೋಡಲಿಲ್ಲ. ಇವತ್ತಿಗೂ ನೋಡಿಲ್ಲ.

ಮನೆಯಲ್ಲಿ ತಂಗಿ ಮೆಷಿನಿಗೆ ಬಟ್ಟೆ ಹೊದೆಸಿ ಬದಿಗೆ ತಳ್ಳಿದ್ದಳು. "ನಿನ್ನ ಪಾಠಕ್ಕೆ ನಾನು ಉದಾಹರಣೆಯಾ?" ಎಂದು ಕೇಳಿದಳು. ಅದರ ಮೇಲೆ ಒಂದು ವರ್ಷ ನನ್ನ ಹತ್ತಿರ ಬೇಕಾದಷ್ಟೇ ಮಾತು. ಎರಡು ವರ್ಷದ ನಂತರ ಅವಳಿಗೆ ಬೇರೆ ಕಡೆ ಮದುವೆಯಾಯಿತು, ಗಂಡ ಒಳ್ಳೆಯವನು, ಮಕ್ಕಳಿದ್ದಾರೆ. ಆದರೆ ಅವಳು ಹಾಡು ಗುನುಗುವುದನ್ನು ನಾನು ಆಮೇಲೆ ಕೇಳಿಲ್ಲ.

ಉಮ್ಮ ಬೈಯಲಿಲ್ಲ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮೂರನೆಯ ದಿನ, "ಆ ಕಾಗದ ಓದಿ ಹೇಳು," ಎಂದರು. ನಾನು ಬೇಡ ಎಂದೆ. ಅವರು ಚಾಪೆ ಹಾಸಿ ಕೂತರು. ಒಂದೊಂದೇ ಸಾಲು ಓದಿ ಬ್ಯಾರಿಯಲ್ಲಿ ಹೇಳುತ್ತಾ ಹೋದೆ. ಪೂರ್ತಿ ಕೇಳಿದರು, ಎಲ್ಲಿಯೂ ತಡೆಯಲಿಲ್ಲ.

"ಇದರಲ್ಲಿ ಅವಳದ್ದು ಯಾವುದು, ನಿನ್ನದು ಯಾವುದು?" ಎಂದು ಕೇಳಿದರು.

"ಹಾಕಿದ್ದು ಅವಳು ಉಮ್ಮಾ. ನಾನು ಬೇಡ ಅಂತ ಗೆರೆ ಎಳೆದಿದ್ದೆ."

"ಮಾತು ಯಾರದ್ದು?"

ನಾನು ಕಾಗದ ಮಡಚಿಟ್ಟೆ.

"ಅವಳು ಬೇರೆಯವರ ಮನೆಯ ಮಗಳು. ಅವಳ ಮೇಲೆ ನನಗೆ ಏನು ಹಕ್ಕು ಉಂಟು? ನೀನು ನನ್ನ ಎದುರು ಕೂತು ಎಲೆ ಕತ್ತರಿಸಿದವಳು," ಎಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ, ದಣಿದು ಹೇಳಿದ್ದು. ಆಮೇಲೆ ಚಾಪೆ ಸುತ್ತಿ ಎದ್ದು ನಮಾಜಿಗೆ ಹೋದರು.

ಆವರೆಗೆ ಮೋಸ ಹೋದವಳು ನಾನು ಎಂದು ಎದೆ ಬಡಿದುಕೊಳ್ಳುತ್ತಿದ್ದೆ. ಹೋದದ್ದು ಹೌದು. ಆದರೆ ಉಮ್ಮನ ಪಟ್ಟಿಯಲ್ಲಿ ಗೆಳತಿಯ ಹೆಸರೇ ಇರಲಿಲ್ಲ. ಅವರ ಮಟ್ಟಿಗೆ ನಂಬಿಸಿ ಕೈಕೊಟ್ಟವರು ಇಬ್ಬರೇ, ಉಪ್ಪ ಮತ್ತು ನಾನು. ಇದನ್ನು ನುಂಗಿಕೊಳ್ಳಲು ನನಗೆ ವರ್ಷಗಳೇ ಬೇಕಾದವು, ಈಗಲೂ ಪೂರ್ತಿ ಇಳಿದಿಲ್ಲ.

ಗೆಳತಿ ಆ ಪುಟ ತೆಗೆದಳು. ಸ್ವಲ್ಪ ಸಮಯದಲ್ಲಿ ತಾಣವೇ ಮುಚ್ಚಿಹೋಯಿತು. ಅದರ ಭೂಪಟಗಳಿಲ್ಲದೆ ನಾನು ಮತ್ತೆ ರಟ್ಟು ಹಿಡಿದೆ. ಹಟ, ಬೇರೇನಲ್ಲ. ತೆಗೆದರೆ ಹೋಯಿತು ಎಂದು ನಾನೂ ತಿಳಿದುಕೊಂಡಿದ್ದೆ. ಆದರೆ ಆ ನಾಲ್ಕು ತಿಂಗಳಲ್ಲಿ ಎಷ್ಟೋ ಟೀಚರುಗಳು ಅದನ್ನು ಇಳಿಸಿಕೊಂಡಿದ್ದರು, ಪ್ರಿಂಟ್ ತೆಗೆದಿದ್ದರು, ಪ್ರಿಂಟಿನ ಜೆರಾಕ್ಸ್ ಮಾಡಿದ್ದರು. ಒಳ್ಳೆಯ ಪಾಠ ಸಿಕ್ಕಿದರೆ ಹಂಚುವುದು ನಮ್ಮ ಟೀಚರುಗಳ ಒಳ್ಳೆಯ ಗುಣ. ಬೇರೆ ಏನಾದರೂ ಇದ್ದರಲ್ಲವೇ ಹಂಚುವುದಕ್ಕೆ, ಅಷ್ಟು ಬರಗೆಟ್ಟಿದ್ದೆವು ನಾವು.

ಕೆಲವು ವರ್ಷ ಕಳೆದು ಮೂಡುಬಿದಿರೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕರಿಗೆ ತರಬೇತಿ ಇತ್ತು. ಎರಡನೆಯ ದಿನ ತರಬೇತಿ ಕೊಡುವ ಮೇಡಂ, ದೂರದ ಜಿಲ್ಲೆಯವರು, ಸ್ಥಳೀಯ ಉದಾಹರಣೆಯಿಂದ ಕಲಿಸುವುದು ಹೇಗೆ ಎಂದು ಹೇಳುತ್ತಾ ಒಂದೊಂದು ಹಾಳೆ ಹಂಚಿದರು. ಜೆರಾಕ್ಸಿನ ಜೆರಾಕ್ಸು, ಅಕ್ಷರ ಮಾಸಿತ್ತು, ದೊಡ್ಡವಳು ಶಿಕ್ಷಕಿ ಎಂಬ ಸಾಲು ಓದಲಿಕ್ಕೇ ಆಗುತ್ತಿರಲಿಲ್ಲ. ಮೇಲೆ "ವಲಸೆಯ ಕಾಣದ ಮುಖ" ಎಂದಿತ್ತು. "ಇದು ಯಾರು ಬರೆದದ್ದೋ ಗೊತ್ತಿಲ್ಲ, ತುಂಬಾ ಒಳ್ಳೆಯ ಸಂಪನ್ಮೂಲ," ಎಂದರು. ಐದೈದು ಜನರ ಗುಂಪು ಮಾಡಿದರು. ಕೊನೆಯ ಪ್ರಶ್ನೆಗೆ ಪ್ರತಿ ಗುಂಪೂ ಚಾರ್ಟಿನಲ್ಲಿ ಉತ್ತರ ಬರೆಯಬೇಕು. ಈ ತಾಯಿ ಊರಿಗೆ ಸುಳ್ಳು ಹೇಳಿದ್ದು ಸರಿಯೇ?

ನನ್ನ ಗುಂಪಿನ ಒಬ್ಬರು ಸರಿ ಎಂದರು, ಒಬ್ಬರು ತಪ್ಪೆಂದರು. ಮಕ್ಕಳಿಗೆ ಸುಳ್ಳು ಕಲಿಸಿದ ಹಾಗಾಯಿತು ಎಂದು ಒಬ್ಬ ಟೀಚರು ಬೇಸರಪಟ್ಟರು. ಹಿರಿಯ ಮಾಸ್ಟ್ರೊಬ್ಬರು ಕನ್ನಡಕ ತೆಗೆದು ಹಾಳೆ ಮಡಚಿದರು. "ಇದೆಲ್ಲ ಸುಳ್ಳು ಮಾರಾಯ್ರೆ. ಹದಿನೈದು ವರ್ಷ ಯಾರಿಗೂ ಗೊತ್ತಾಗದ ಹಾಗೆ ಇರ್ಲಿಕ್ಕೆ ಸಾಧ್ಯ ಉಂಟಾ? ಪಾಠಕ್ಕೆ ಬೇಕೂಂತ ಯಾರೋ ಕಟ್ಟಿದ್ದು." ನಾಲ್ವರೂ ನನ್ನ ಕಡೆ ತಿರುಗಿದರು. "ನೀವು ಆ ಕಡೆಯವರಲ್ವಾ ಮೇಡಂ, ಕಕ್ಕಿಂಜೆ? ಹೀಗೆ ಯಾರಾದ್ರೂ ಇದ್ದಾರಾ ಅಲ್ಲಿ?"

ಉಮ್ಮ ಆ ಹೊತ್ತಿಗೆ ಮನೆಯಲ್ಲಿ ನನ್ನ ಬುತ್ತಿಯ ಪಾತ್ರೆ ತೊಳೆಯಲು ನಾನು ಬರುವುದನ್ನೇ ಕಾಯುತ್ತಿದ್ದಿರಬೇಕು.

"ಇಲ್ಲ," ಎಂದೆ. "ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಅಂಥ ಮನೆ ಅಲ್ಲಿಲ್ಲ."

ನನ್ನ ಅಕ್ಷರ ಚೆಂದ ಎಂದು ಚಾರ್ಟು ಬರೆಯುವ ಕೆಲಸ ನನ್ನ ಪಾಲಿಗೇ ಬಂತು. ಸ್ಕೆಚ್ ಪೆನ್ ತೆಗೆದುಕೊಂಡು ದಪ್ಪಗೆ ಬರೆದೆ: ಈ ಕಥೆ ನಿಜವಲ್ಲ, ಇಂಥ ತಾಯಿ ಇಲ್ಲ.